ತೆಗೆದ ಜಾಗಕ್ಕೆ ಏನು ಹಾಕುತ್ತಾರೆ, ಕೇಳು

ತಮ್ಮಾ, ಕಣ್ಣಾಗಿನ ಮಾಂಸ ತೆಗೆಸಲು ಕಲಬುರಗಿಗೆ ಹೊರಟಿದ್ದೀ ಎಂದು ಕೇಳಿ ಸಂತೋಷವೇ ಆಯಿತು. ಆದರೆ ಫೋನಿನಲ್ಲಿ ನೀನು ಹೇಳಿದ್ದೇನು? "ಅರ್ಧ ತಾಸಿನ ಕೆಲಸ ಕಾಕಾ, ಸಂಜಿಗಿ ಮನಿಗಿ ಬರ್ತೀನಿ, ನಾಡಿದ್ದು ಕಬ್ಬಿನ ಟೋಳಿ ಸಂಗಾಟ ಹೋಗ್ತೀನಿ." ಅರ್ಧ ತಾಸಿನ ಮಾತು ಹೆಚ್ಚುಕಡಿಮೆ ಖರೆ. ಸಂಜೆಗೆ ಮನೆಗೆ ಕಳಿಸುವುದೂ ಖರೆ. ಮೂರನೆಯ ಮಾತಿಗಾಗಿಯೇ ಈ ಕಾಗದ.

ನಾನು ಡಾಕ್ಟರ್ ಅಲ್ಲ, ನಿನಗೆ ಗೊತ್ತು. ತಾಲ್ಲೂಕು ದವಾಖಾನೆಯ ಕಣ್ಣಿನ ಕೋಣೆಯಲ್ಲಿ ಅಕ್ಷರದ ಚಾರ್ಟು ಓದಿಸುತ್ತ, ಚಸ್ಮಾ ನಂಬರು ತೆಗೆಯುತ್ತ, ಶಿಬಿರಕ್ಕೆ ಜನ ಸೇರಿಸುತ್ತ ನೌಕರಿ ಮುಗಿಸಿದವನು. ಜೇವರ್ಗಿ, ಅಫಜಲಪುರ, ಆಳಂದ ಮೂರೂ ಕಡೆ ಕೆಲಸ ಮಾಡಿದ್ದರಿಂದ ಒಂದು ಸಂಗತಿ ಚೆನ್ನಾಗಿ ಕಂಡಿದೆ. ಮೋತಿಬಿಂದು ತೆಗೆಸಿಕೊಂಡವರು ಅದೇ ಕಣ್ಣಿಗೆ ಅದೇ ತಕರಾರು ಹೇಳಿಕೊಂಡು ಮರಳಿ ಬರುವುದು ಅಪರೂಪ. ಮಾಂಸ ತೆಗೆಸಿಕೊಂಡವರು ಬರುತ್ತಾರೆ. ಮೊದಲಿಗಿಂತ ದಪ್ಪ, ಮೊದಲಿಗಿಂತ ಕೆಂಪು ಮಾಂಸ ಹೊತ್ತು ಬಂದು, "ಆಪರೇಷನ್ ಫೇಲಾಯ್ತ್ರಿ" ಅನ್ನುತ್ತಾರೆ. ಫೇಲಾದದ್ದು ಆಪರೇಷನ್ ಟೇಬಲ್ಲಿನ ಮೇಲಲ್ಲ, ಬಹುತೇಕ ಆಮೇಲಿನ ಆರು ತಿಂಗಳಲ್ಲಿ.

ಈ ಮಾಂಸಕ್ಕೆ ಡಾಕ್ಟರು ಚೀಟಿಯಲ್ಲಿ ಟೆರಿಜಿಯಂ ಎಂದು ಬರೆದಿರುತ್ತಾರೆ. ಆಳಂದದ ಬಾಜಾರಿನಲ್ಲಿ ನಾಖೂನಾ ಅನ್ನುವವರೂ ಇದ್ದಾರೆ. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯೇ ದಪ್ಪವಾಗಿ, ರಕ್ತನಾಳ ತುಂಬಿಕೊಂಡು, ಹೆಚ್ಚಾಗಿ ಮೂಗಿನ ಕಡೆಯಿಂದ, ಕರಿಗುಡ್ಡೆಯ ಮೇಲೆ ಮೂರು ಮೂಲೆಯಾಗಿ ಹತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ. ಅಂಟುರೋಗವೂ ಅಲ್ಲ. ಮೋತಿಬಿಂದು ಅಂತೂ ಅಲ್ಲವೇ ಅಲ್ಲ. ಅದು ಕಣ್ಣಿನ ಒಳಗಿನ ಮಸೂರ ಮಬ್ಬಾಗುವುದು, ಇದು ಹೊರಗಿನ ಪದರದ ಬೆಳೆ. ನಮ್ಮ ಜನ ಎರಡಕ್ಕೂ ಪೊರೆ ಅಂದುಬಿಡುತ್ತಾರೆ, ಶಿಬಿರದ ಸಾಲಿನಲ್ಲಿ ಗೊಂದಲ ಹುಟ್ಟುವುದೇ ಅಲ್ಲಿ.

ನಮ್ಮ ಸೀಮೆಯಲ್ಲಿ ಇದು ಯಾಕೆ ಇಷ್ಟು? ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 37 ಡಿಗ್ರಿ ಅಕ್ಷಾಂಶದ ತನಕ ಈ ರೋಗದ ಪಟ್ಟಿ ಎಂದು 1965ರಲ್ಲೇ ಕ್ಯಾಮರಾನ್ ಎಂಬ ವೈದ್ಯ ಗುರುತಿಸಿದ. ನಾವಿರುವುದು 17ರ ಆಸುಪಾಸಿನಲ್ಲಿ, ಪಟ್ಟಿಯ ನಟ್ಟನಡುವೆ. ಮೇಲೆ ನೆರಳಿಲ್ಲದ ಕರಿಮಣ್ಣಿನ ಬಯಲು, ಪುಷ್ಯದಲ್ಲಿ ತೊಗರಿ ರಾಶಿಯ ಹೊಟ್ಟು, ಭೀಮೆಯ ದಂಡೆಗುಂಟ ಕಬ್ಬಿನ ಸೀಸನ್, ಬೇಸಿಗೆಯಲ್ಲಿ ನಲವತ್ತು ದಾಟುವ ಬಿಸಿಲು, ಟ್ರ್ಯಾಕ್ಟರಿನ ಹಿಂದೆ ಮೋಟಾರ್ ಸೈಕಲ್ಲು. ಧೂಳು, ಬಿಸಿಗಾಳಿ ಕಣ್ಣನ್ನು ಒಣಗಿಸಿ ಕೆರಳಿಸುತ್ತವೆ. ಆದರೆ ಮುಖ್ಯ ಅಪರಾಧಿ ಸೂರ್ಯನ ನೇರಳಾತೀತ ಕಿರಣ. ಮೂಗಿನ ಕಡೆಗೇ ಯಾಕೆ ಬೆಳೆಯುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಕೊರೊನಿಯೊ 1993ರಲ್ಲಿ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿತು. ಕಿವಿಯ ಕಡೆಯಿಂದ ಓರೆಯಾಗಿ ಬಂದ ಬೆಳಕನ್ನು ಕರಿಗುಡ್ಡೆಯ ಉಬ್ಬು ಬಾಗಿಸಿ, ಎದುರು ಅಂಚಿಗೆ, ಅಂದರೆ ಮೂಗಿನ ಕಡೆಯ ಅಂಚಿಗೆ, ಒಟ್ಟುಗೂಡಿಸಿ ಬೀಳಿಸುತ್ತದೆ. ಅಲ್ಲಿರುವುದು ಕರಿಗುಡ್ಡೆಗೆ ಬೇಲಿಯಂತಿರುವ ಮೂಲಕೋಶಗಳ ಸಾಲು. ಅದು ಸುಟ್ಟುಹೋದರೆ ಬಿಳಿಯ ಪೊರೆ ಗಡಿ ದಾಟಿ ಒಳಗೆ ಬರುತ್ತದೆ. ಇದನ್ನು ನೆನಪಿಟ್ಟುಕೋ. ಚಸ್ಮಾದ ಮಾತು ಬಂದಾಗ ಬೇಕಾಗುತ್ತದೆ.

ಎಲ್ಲರಿಗೂ ಆಪರೇಷನ್ ಬೇಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿನ್ನನ್ನು ನೋಡಿ ನಿನ್ನ ಗೆಳೆಯರೂ ಹೊರಡುತ್ತಾರೆ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಹತ್ತಿ ಸುಮ್ಮನೆ ಕುಳಿತ ಮಾಂಸವನ್ನು ಚಂದಕ್ಕಾಗಿ ಕೆದಕುವುದು ಬೇಡ. ಕಣ್ಣು ಒಣಗದಂತೆ ಹನಿ, ಬಿಸಿಲಿಗೆ ಚಸ್ಮಾ, ವರ್ಷಕ್ಕೊಮ್ಮೆ ಅಳತೆ, ಅಷ್ಟು ಸಾಕು. ಪಾಪೆಯ ಕಡೆಗೆ ನಡೆಯುತ್ತಿದ್ದರೆ, ಕರಿಗುಡ್ಡೆಯನ್ನು ಎಳೆದು ಅದರ ಆಕಾರ ಕೆಡಿಸಿ ನೋಟ ಅಸ್ಪಷ್ಟ ಮಾಡಿದ್ದರೆ, ಕಣ್ಣು ಹೊರಳಿಸಲು ಬಿಗಿ ಹಿಡಿಯುತ್ತಿದ್ದರೆ, ಪದೇಪದೇ ಕೆಂಪಾಗಿ ಉರಿಯುತ್ತಿದ್ದರೆ ಆಗ ತೆಗೆಸಬೇಕು. ನಿನ್ನದು ಪಾಪೆಯ ಹತ್ತಿರ ಬಂದಿದೆ, ತೆಗೆಸು ಎಂದು ಡಾಕ್ಟರು ಹೇಳಿದ್ದು ಸರಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ರೋಗದಲ್ಲಿ ಕತ್ತರಿಸುವುದು ಸುಲಭದ ಭಾಗ. ನಿನ್ನ ಹೊಲದ ಕರಕಿ ನೆನಪಿಸಿಕೋ: ಕಿತ್ತು ಬಯಲು ಮಾಡಿ ಹಾಗೇ ಬಿಟ್ಟರೆ ಮೊದಲ ಮಳೆಗೆ ಮೊದಲು ಎದ್ದು ನಿಲ್ಲುವುದು ಅದೇ. ಮಾಂಸ ತೆಗೆದು ಬಿಳಿಗುಡ್ಡೆಯನ್ನು ಹಾಗೇ ಬಯಲು ಬಿಡುವ ಪದ್ಧತಿಯೊಂದಿತ್ತು. ಆಸ್ಟ್ರೇಲಿಯಾದ ಡಾಂಬ್ರೇನ್ 1948ರಲ್ಲಿ ಬರೆದದ್ದು. ಸರಳ, ಅಗ್ಗ, ಹತ್ತು ನಿಮಿಷದ ಕೆಲಸ. ಅದಕ್ಕೇ ಎಷ್ಟೋ ದಶಕ ನಡೆಯಿತು. ಆದರೆ ಆ ಪದ್ಧತಿಯಲ್ಲಿ ಮಾಂಸ ಮರಳಿ ಬರುವ ಪ್ರಮಾಣ ಮೂರರಲ್ಲಿ ಒಬ್ಬರಿಂದ ಹಿಡಿದು, ಎಷ್ಟೋ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚು. 1985ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಸಂಗಡಿಗರು ಆ ಬಯಲಿಗೆ ಅದೇ ರೋಗಿಯ ಕಣ್ಣಿನ ಆರೋಗ್ಯವಂತ ಪೊರೆಯ ತುಂಡನ್ನೇ ತಂದು ಹೊದಿಸಿದ ಫಲಿತಾಂಶ ಪ್ರಕಟಿಸಿದರು. 57 ಕಣ್ಣುಗಳಲ್ಲಿ ಮರಳಿ ಬಂದದ್ದು ಮೂರರಲ್ಲಿ ಮಾತ್ರ. ಎಲ್ಲರ ಕೈಯಲ್ಲೂ ಅಷ್ಟು ಚೆನ್ನಾಗಿ ಆಗುವುದಿಲ್ಲ, ಆದರೂ ಇವತ್ತಿಗೆ ಮೊದಲ ಆಯ್ಕೆ ಅದೇ.

ಹಾಗಾಗಿ ದವಾಖಾನೆಗೆ ಹೋದಾಗ "ಎಷ್ಟು ರೊಕ್ಕ" ಎಂದು ಕೇಳುವ ಮುಂಚೆ "ಸಾಹೇಬ್ರ, ಮಾಂಸ ತೆಗೆದ ಜಾಗಕ್ಕೆ ಏನು ಹಾಕ್ತೀರಿ?" ಎಂದು ಕೇಳು. ಅಂಜಬೇಡ. ನಿನ್ನ ಪೊರೆಯನ್ನೇ ತೆಗೆದು ಹಚ್ಚುತ್ತೇವೆ ಅಂದರೆ ಹೂಂ ಅನ್ನು. ಮೇಲಿನ ರೆಪ್ಪೆಯ ಅಡಿ, ಬಿಸಿಲು ಕಾಣದ ಜಾಗದಿಂದ ತೆಳುವಾದ ತುಂಡು ತೆಗೆಯುತ್ತಾರೆ. ಅಲ್ಲಿಯ ಗಾಯ ತಾನಾಗಿ ಮಾಯುತ್ತದೆ. ಆ ತುಂಡನ್ನು ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯಬಹುದು, ಫೈಬ್ರಿನ್ ಎಂಬ ಅಂಟಿನಿಂದ ಕೂರಿಸಬಹುದು, ಇಲ್ಲವೇ ಮಾಂಸ ತೆಗೆದ ಜಾಗದ ರಕ್ತವೇ ಹೆಪ್ಪುಗಟ್ಟಿ ಹಿಡಿದುಕೊಳ್ಳುವಂತೆ ಮಾಡಬಹುದು. ಅಂಟಿನದ್ದು ದುಬಾರಿ, ಆದರೆ ಚುಚ್ಚುವ ಕಿರಿಕಿರಿ ಕಡಿಮೆ, ಹೊತ್ತು ಉಳಿಯುತ್ತದೆ, ಹೊಲಿಗೆಗಿಂತ ಮಾಂಸ ಮರಳುವುದೂ ಕಡಿಮೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ರಕ್ತದಿಂದ ಹಿಡಿಸುವುದಕ್ಕೆ ಖರ್ಚಿಲ್ಲ. ಮೊದಲ ಎರಡು ಮೂರು ದಿನ ತುಂಡು ಜಾರುವ ಭಯ ಮಾತ್ರ ಇದ್ದೇ ಇದೆ. ದಾರವೋ ಅಂಟೋ ರಕ್ತವೋ ಎಂಬ ಚರ್ಚೆಯಲ್ಲಿ ಬಹಳ ತಲೆ ಕೆಡಿಸಿಕೊಳ್ಳಬೇಡ. ಹೊದಿಕೆ ಇದೆಯೋ ಇಲ್ಲವೋ ಎಂಬುದೇ ದೊಡ್ಡದು.

ಗರ್ಭದ ಪೊರೆಯ ತುಂಡು ಹಾಕುವುದೂ ಉಂಟು. ಸಾಧಾರಣವಾಗಿ ಅದು ಸ್ವಂತ ಪೊರೆಯಷ್ಟು ತಡೆ ಕೊಡುವುದಿಲ್ಲ. ಆದರೆ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡದ ರೋಗ, ಇದ್ದವರಿಗೆ ಮುಂದೆ ಒತ್ತಡ ಇಳಿಸುವ ಆಪರೇಷನ್ನಿಗೆ ಮೇಲಿನ ಪೊರೆಯನ್ನೇ ಕಾಯ್ದಿಡಬೇಕಾಗುತ್ತದೆ, ಅಂಥವರಿಗೆ ಇದು ಇಲ್ಲವೇ ಕೆಳಗಿನ ಪೊರೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಮುಂಚೆಯೇ ಹೇಳು.

ಮೈಟೋಮೈಸಿನ್ ಎಂಬ ಔಷಧದ ಹೆಸರನ್ನೂ ಕೇಳಬಹುದು. ಕ್ಯಾನ್ಸರಿಗೆ ಬಳಸುವ ಔಷಧ, ಬೆಳೆಯುವ ಜೀವಕೋಶವನ್ನು ತಡೆಯುತ್ತದೆ. ಆಪರೇಷನ್ ಟೇಬಲ್ಲಿನಲ್ಲಿ ಡಾಕ್ಟರು ಅಳೆದು ಕೆಲವೇ ನಿಮಿಷ ಇಟ್ಟು ತೊಳೆದರೆ ಅದೊಂದು ಮಾತು. ಮೊದಮೊದಲು ಅದನ್ನೇ ಹನಿಯಾಗಿ ಮನೆಗೆ ಕೊಟ್ಟು ಕಳಿಸುತ್ತಿದ್ದರು. ಬಿಳಿಗುಡ್ಡೆಯೇ ಕರಗಿ ತೂತು ಬಿದ್ದ ಪ್ರಕರಣಗಳು 1992ರಲ್ಲಿ ವರದಿಯಾದ ಮೇಲೆ ಜನ ಎಚ್ಚೆತ್ತರು. ಯಾರಾದರೂ ಮನೆಗೆ ಬಾಟಲಿ ಬರೆದುಕೊಟ್ಟರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಕೇಳು.

ಇನ್ನೊಂದು, ಹೊದಿಸುವ ಮುಂಚೆ ಎಷ್ಟು ತೆಗೆಯುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೇಲಿನ ಮಾಂಸದ ಅಡಿಗೆ ಟೆನಾನ್ ಎಂಬ ನಾರಿನ ಪದರ ಇರುತ್ತದೆ, ಮತ್ತೆ ಹಬ್ಬುವ ಬೇರು ಅಲ್ಲಿ. ಬ್ರಿಸ್ಬೇನಿನ ಹರ್ಸ್ಟ್ ಎಂಬ ಡಾಕ್ಟರು ಆ ಪದರವನ್ನು ವಿಶಾಲವಾಗಿ ತೆಗೆದು ದೊಡ್ಡ ಹೊದಿಕೆ ಹಾಕಿ, ಸಾವಿರ ಆಪರೇಷನ್ನಿನಲ್ಲಿ ಒಂದೇ ಒಂದು ಮರಳಿ ಬಂತು ಎಂದು 2012ರಲ್ಲಿ ಪ್ರಕಟಿಸಿದರು. ಅದಕ್ಕೆ ಹೊತ್ತು ಹೆಚ್ಚು ಬೇಕು, ನೋವೂ ಹೆಚ್ಚು, ಎಲ್ಲರಿಗೂ ಆಗುವ ಕೆಲಸವಲ್ಲ. ಆದರೆ ವಿಷಯ ಹೊಸದೇನಲ್ಲ. ನಮ್ಮ ಸುಶ್ರುತ ಇದನ್ನು ಅರ್ಮ ಎಂದು ಕರೆದು ಐದು ಬಗೆ ಎಣಿಸಿದ್ದಾನೆ. ಉಪ್ಪಿನ ಪುಡಿಯಿಂದ ಸಡಿಲಿಸಿ, ಕೊಕ್ಕೆಯಿಂದ ಎತ್ತಿ, ಕತ್ತರಿಸುವ ಕ್ರಮ ಹೇಳಿದ್ದಾನೆ. ಮೂಗಿನ ಮೂಲೆಯನ್ನು ಕೊಯ್ದರೆ ರಕ್ತ ಸುರಿಯುತ್ತದೆ, ಇಲ್ಲವೇ ನಾಳದಂಥ ಹುಣ್ಣಾಗುತ್ತದೆ, ಕಡಿಮೆ ಕತ್ತರಿಸಿದರೆ ಬೇಗನೆ ಮತ್ತೆ ಬೆಳೆಯುತ್ತದೆ ಎಂಬ ಎರಡೂ ಎಚ್ಚರಿಕೆ ಅಲ್ಲಿವೆ. ಮರಳಿ ಬರುವ ಕಾಟ ಎಷ್ಟು ಹಳೆಯದು ನೋಡು! ಹಾಗಂತ ಈಗ ಯಾರಾದರೂ ಹಳ್ಳಿಯಲ್ಲಿ ಉಪ್ಪು, ಸುಣ್ಣ, ಉಳ್ಳಾಗಡ್ಡಿ ರಸ ಹಿಡಿದುಕೊಂಡು ಬಂದರೆ ಬಾಗಿಲಲ್ಲೇ ಕಳಿಸು. ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವವರ ಹತ್ತಿರವೂ ಹೋಗಬೇಡ. ಇದು ಕಸ ಅಲ್ಲ, ನಾಲಿಗೆಗೆ ಬರುವುದೂ ಇಲ್ಲ.

ತೆಗೆದ ತುಂಡನ್ನು ತಪಾಸಣೆಗೆ ಕಳಿಸುತ್ತೀರಾ ಎಂದೂ ಕೇಳು. ನೋಡಲು ಇದರಂತೆಯೇ ಇದ್ದು ಕ್ಯಾನ್ಸರಿನ ಜಾತಿಗೆ ಸೇರಿದ ಗಡ್ಡೆ ಅಪರೂಪಕ್ಕೆ ಸಿಗುತ್ತದೆ; ಬಿಸಿಲಿನಲ್ಲಿ ದುಡಿಯುವವರಲ್ಲೇ ಅದೂ ಹೆಚ್ಚು.

ಎಲ್ಲಿ ಮಾಡಿಸುವುದು ಎಂದು ನಿನ್ನ ಹೆಂಡತಿ ಕೇಳಿದಳು. ಕಲಬುರಗಿಯಲ್ಲಿ ಸರ್ಕಾರಿ ಜಿಮ್ಸ್ ದವಾಖಾನೆ ಇದೆ, ಬಸವೇಶ್ವರ ಆಸ್ಪತ್ರೆ ಇದೆ, ಖಾಸಗಿಯವರೂ ಇದ್ದಾರೆ. ಅಫಜಲಪುರ, ಆಳಂದದವರು ಎಷ್ಟೋ ಮಂದಿ ಸೊಲ್ಲಾಪುರಕ್ಕೆ ಹೋಗುತ್ತಾರೆ. ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು ಕಟ್ಟಿಕೊಂಡು ಹೋಗಿ, ಈ ಆಪರೇಷನ್ ಯೋಜನೆಯಲ್ಲಿ ಕೂರುತ್ತದೆಯೇ ಎಂದು ಮೊದಲೇ ವಿಚಾರಿಸಿ. ನನ್ನ ಲೆಕ್ಕದಲ್ಲಿ ಊರಿನ ಹೆಸರಿಗಿಂತ ಮುಖ್ಯವಾದದ್ದು, ಆರು ಸಲ ಹೋಗಿಬರಲು ನಿನಗೆ ಆಗುವ ಜಾಗವೇ ಎಂಬುದು. ಮುಂಬೈಯಲ್ಲಿ ಅಗ್ಗಕ್ಕೆ ಮಾಡಿಸಿ ಊರಿಗೆ ಬಂದು ಕೂತರೆ ನೋಡುವವರು ಯಾರು?

ಹೀಗೆ ಮತ್ತೆ ಮತ್ತೆ ತೋರಿಸುವ ವಿಷಯದಲ್ಲಿ ಶಿಬಿರದ ನೆನಪೂ ನಮ್ಮನ್ನು ದಾರಿ ತಪ್ಪಿಸಿದೆ ಎಂದು ನನಗೆ ಅನ್ನಿಸುತ್ತದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಹಳ್ಳಿಹಳ್ಳಿಗೆ ಹೋಗಿ ಸಾಲುಸಾಲಾಗಿ ಕಣ್ಣು ತೆರೆಸಿದ ಪುಣ್ಯಾತ್ಮ. ನಿನ್ನ ಅಜ್ಜನ ಕಾಲದವರಿಗೆ ಕಣ್ಣಿನ ಆಪರೇಷನ್ ಅಂದರೆ ಮಠದ ಅಂಗಳ, ಪಟ್ಟಿ ಕಟ್ಟಿದ ಕಣ್ಣು, ನಾಲ್ಕು ದಿನಕ್ಕೆ ಬೆಳಕು. ಮೋತಿಬಿಂದುವಿಗೆ ಆ ಲೆಕ್ಕ ನಡೆಯುತ್ತದೆ. ಮಾಂಸಕ್ಕೆ ನಡೆಯುವುದಿಲ್ಲ. ಮರಳಿ ಬರುವ ಮಾಂಸದಲ್ಲಿ ಅರ್ಧದಷ್ಟು ಮೊದಲ ನಾಲ್ಕು ತಿಂಗಳಲ್ಲೇ ಕಾಣಿಸಿಕೊಳ್ಳುತ್ತದೆ, ಹೆಚ್ಚುಕಡಿಮೆ ಎಲ್ಲವೂ ಒಂದು ವರ್ಷದೊಳಗೆ. ಒಂದು ವರ್ಷ ದಾಟಿದರೆ ನೀನು ಬಹುಮಟ್ಟಿಗೆ ಗೆದ್ದೆ. ಆದರೆ ನಿನ್ನ ವಯಸ್ಸಿನವರಿಗೆ, ನಲವತ್ತರ ಒಳಗಿನವರಿಗೆ, ಕೆಂಪಗೆ ದಪ್ಪಗೆ ಬೆಳೆದ ಮಾಂಸಕ್ಕೆ, ಮರಳುವ ಸಂಭವ ಮುದುಕರಿಗಿಂತ ಹೆಚ್ಚು.

ಆಪರೇಷನ್ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣ್ಣಿಗಷ್ಟೇ ಮರಗಟ್ಟಿಸುತ್ತಾರೆ, ಎಚ್ಚರವಿರುತ್ತೀ, ಬೆಳಕು ಕಾಣುತ್ತದೆ, ನೋವಿರುವುದಿಲ್ಲ. ನೋವು ರಾತ್ರಿ ಶುರುವಾಗುತ್ತದೆ. ಎರಡು ಮೂರು ದಿನ ಕಣ್ಣಲ್ಲಿ ಉಸುಕು ಹಾಕಿದಂತೆ ಚುಚ್ಚುತ್ತದೆ, ನೀರು ಸುರಿಯುತ್ತದೆ, ಹಚ್ಚಿದ ಪೊರೆ ಊದಿಕೊಂಡು ಕೆಂಪಗೆ ಕಾಣುತ್ತದೆ. ಕನ್ನಡಿ ನೋಡಿ ಗಾಬರಿಯಾಗಬೇಡ, ವಾರಗಳಲ್ಲಿ ಇಳಿಯುತ್ತದೆ. ಉಜ್ಜಿದರೆ ಮಾತ್ರ ಕೆಟ್ಟೆ. ನಿದ್ದೆಗಣ್ಣಿನಲ್ಲಿ ಕೈ ಹೋಗುತ್ತದೆ, ಅದಕ್ಕೇ ರಾತ್ರಿ ಪ್ಲಾಸ್ಟಿಕ್ಕಿನ ಮುಚ್ಚಳ ಕಟ್ಟಿಸಿಕೊಂಡೇ ಮಲಗು. ನೋವು ದಿನೇದಿನೇ ಇಳಿಯುವ ಬದಲು ಏರಿದರೆ, ನೋಟ ಮಸುಕಾದರೆ, ಕೀವು ಬಂದರೆ, ಪೊರೆ ಜಾರಿ ಬಿಳಿಗುಡ್ಡೆ ಬಯಲಾಗಿ ಕಂಡರೆ ಅವತ್ತಿನ ಬಸ್ಸು ಹಿಡಿ. ತಾರೀಖು ಬರಲಿ ಎಂದು ಕೂರಬೇಡ.

ಹನಿಯ ಮಾತು. ಸ್ಟೆರಾಯ್ಡ್ ಹನಿಯನ್ನು ಮೊದಲು ದಿನಕ್ಕೆ ಹಲವು ಸಲ, ಆಮೇಲೆ ಇಳಿಸುತ್ತ ಇಳಿಸುತ್ತ ಆರೆಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು ಬರೆಯುತ್ತಾರೆ. ಕಣ್ಣು ಬೆಳ್ಳಗಾಯಿತೆಂದು ಹತ್ತನೆಯ ದಿನ ಬಿಟ್ಟವರೇ ಮರಳಿ ಬಂದವರಲ್ಲಿ ಬಹಳ. ಕಣ್ಣು ಬೆಳ್ಳಗಾದದ್ದು ಹನಿಯಿಂದ, ಒಳಗಿನ ಉರಿ ಇನ್ನೂ ಆರಿರುವುದಿಲ್ಲ. ಇದರ ಎದುರು ತಪ್ಪೂ ಇದೆ: ಹನಿ ಹಿತವಾಗಿದೆ ಎಂದು ಮೆಡಿಕಲ್ ಶಾಪಿನಲ್ಲಿ ಹಳೇ ಬಾಟಲಿ ತೋರಿಸಿ ತಿಂಗಳುಗಟ್ಟಲೆ ಹಾಕಿಕೊಳ್ಳುವುದು. ಈ ಹನಿ ಕೆಲವರ ಕಣ್ಣಿನ ಒತ್ತಡ ಏರಿಸುತ್ತದೆ, ನೋವಿಲ್ಲದೆ ನರ ಸಾಯುತ್ತದೆ, ಗೊತ್ತಾಗುವಷ್ಟರಲ್ಲಿ ಹೋದ ನೋಟ ಹೋಯಿತು. ಪ್ರತಿ ಸಲ ಹೋದಾಗ ಒತ್ತಡ ನೋಡಿಸು, ಡಾಕ್ಟರು ಹೇಳಿದ ದಿನವೇ ನಿಲ್ಲಿಸು.

ಮರುದಿನ, ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ, ಆರಕ್ಕೆ, ವರ್ಷಕ್ಕೆ ತೋರಿಸಬೇಕು. ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಸು. ತಿಂಗಳು ಎರಡು ತಿಂಗಳಿಗೆ ಮೂಗಿನ ಕಡೆ ಕೆಂಪು ಎಳೆಗಳು ಎದ್ದು ಕರಿಗುಡ್ಡೆಯ ಕಡೆಗೆ ಮುಖ ಮಾಡಿದರೆ ಅದೇ ಮೊದಲ ಸುಳಿವು. ಆ ಹಂತದಲ್ಲಿ ಹನಿ ಹೆಚ್ಚಿಸಿ, ಇಲ್ಲವೇ ಅಲ್ಲಿಗೇ ಸಣ್ಣ ಇಂಜೆಕ್ಷನ್ ಕೊಟ್ಟು ಎಷ್ಟೋ ಸಲ ತಡೆಯುತ್ತಾರೆ. ಮಾಂಸ ಹತ್ತಿದ ಮೇಲೆ ಬಂದರೆ ಎರಡನೆಯ ಆಪರೇಷನ್ ಒಂದೇ ದಾರಿ, ಅದು ಮೊದಲಿನಷ್ಟು ಸರಾಗವಲ್ಲ. ಗಾಯದ ಗಂಟು ಕಣ್ಣು ಹೊರಳಿಸುವ ಸ್ನಾಯುವನ್ನೇ ಹಿಡಿದುಕೊಂಡಿರುತ್ತದೆ, ಒಂದು ಎರಡಾಗಿ ಕಾಣುವ ತನಕ ಹೋಗಬಹುದು.

ಕಬ್ಬಿನ ಟೋಳಿ ಈ ಸೀಸನ್ ಬೇಡ. ಟೋಳಿಯ ಮುಕಾದಮನಿಂದ ಉಚಲು, ಮುಂಗಡದ ರೊಕ್ಕ, ತಗೊಂಡಿದ್ದೀ, ಗೊತ್ತು. ನಿನ್ನ ಅಣ್ಣನನ್ನು ಕಳಿಸುವ ಮಾತು ಆಡು, ನಾನೂ ಬಂದು ಹೇಳುತ್ತೇನೆ. ರವದಿಯ ಅಂಚು ಕಣ್ಣಿಗೆ ಬಡಿಯುತ್ತದೆ, ಸುಟ್ಟ ಕಬ್ಬಿನ ಬೂದಿ ಹಾರುತ್ತದೆ, ಅದಕ್ಕಿಂತ ಹೆಚ್ಚಾಗಿ ಫಡದಿಂದ ಫಡಕ್ಕೆ ಹೋಗುವವನು ಕಣ್ಣು ತೋರಿಸಲು ಬರುವುದೇ ಇಲ್ಲ. ಪಾಪೆ ಇನ್ನೂ ದೂರವಿದ್ದು ಕಾಯಬಹುದು ಎಂದು ಡಾಕ್ಟರು ಹೇಳಿದವರಿಗೆ ನಾನು ಹೇಳುವುದು, ಬಿತ್ತನೆ ಮುಗಿಸಿ ಆಷಾಢ ಶ್ರಾವಣದಲ್ಲಿ ಮಾಡಿಸಿರಿ ಎಂದು. ಮಳೆಗೆ ಧೂಳು ಕೂತಿರುತ್ತದೆ, ಕೈಕೆಲಸ ಕಡಿಮೆ, ರಾಶಿಗೆ ಇನ್ನೂ ನಾಲ್ಕೈದು ತಿಂಗಳು. ನಿನಗೆ ಆ ಸವಲತ್ತಿಲ್ಲ. ಗಾಣಗಾಪುರದ ಸಂಗಮದಲ್ಲಿ ಹುಣ್ಣಿಮೆಯ ಸ್ನಾನಕ್ಕೂ ಡಾಕ್ಟರು ಹೂಂ ಅನ್ನುವ ತನಕ ಮುಳುಗು ಹಾಕಬೇಡ. ದತ್ತಾತ್ರೇಯನಿಗೆ ದಂಡೆಯ ಮೇಲಿಂದ ಕೈಮುಗಿದರೂ ಸಲ್ಲುತ್ತದೆ.

ಚಸ್ಮಾದ ಬಗ್ಗೆ ಜಾತ್ರೆಯ ಕರಿ ಗಾಜಿನ ಮಾತು ಬಿಡು. ಬರೀ ಕರಿ ಬಣ್ಣ ಇದ್ದು ನೇರಳಾತೀತ ತಡೆ ಇಲ್ಲದಿದ್ದರೆ ಕತ್ತಲಿಗೆ ಪಾಪೆ ಅಗಲವಾಗಿ ಕೆಟ್ಟ ಕಿರಣ ಇನ್ನೂ ಹೆಚ್ಚು ಒಳಗೆ ಹೋಗುತ್ತದೆ. ಯುವಿ 400 ಎಂದು ಬರೆದದ್ದನ್ನು ನೋಡಿ ತಗೋ. ಬಿಳಿ ಪಾಲಿಕಾರ್ಬೊನೇಟಿನ ಗಾಗಲ್ಸ್, ವೆಲ್ಡಿಂಗ್ ಅಂಗಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದು, ಆ ಕಿರಣವನ್ನು ಬಹುಪಾಲು ತಡೆಯುತ್ತದೆ, ಬೆಲೆಯೂ ಕಡಿಮೆ, ಧೂಳಿಗೂ ಆಯಿತು. ಬದಿಗೆ ಮುಚ್ಚಿರುವಂಥದ್ದೇ ಬೇಕು. ಕಿವಿಯ ಕಡೆಯಿಂದ ಬರುವ ಬೆಳಕೇ ಮೂಗಿನ ಕಡೆ ಸುಡುವುದು ಎಂದೆನಲ್ಲ, ಮುಂದೆ ಮಾತ್ರ ಗಾಜಿದ್ದರೆ ಕಳ್ಳ ಹಿತ್ತಲಿಂದ ಬರುತ್ತಾನೆ. ರುಮಾಲು ತಲೆಗೆ ತಂಪು, ಕಣ್ಣಿಗೆ ನೆರಳು ಕೊಡುವುದಿಲ್ಲ. ಅಂಚಿರುವ ಟೋಪಿ ಹಾಕು, ಯಾರು ನಕ್ಕರೂ ನಗಲಿ. ಮಟಮಟ ಮಧ್ಯಾಹ್ನ ಮಾತ್ರ ಅಪಾಯ ಎಂದೂ ತಿಳಿಯಬೇಡ. ಜಪಾನಿನವರು ಗೊಂಬೆಯ ಕಣ್ಣಿಗೆ ಅಳತೆಯ ಯಂತ್ರ ಕೂರಿಸಿ ನೋಡಿದಾಗ, ಬಿಸಿಲಿನ ತಿಂಗಳಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ಹುಬ್ಬು ಕಣ್ಣನ್ನು ಕಾಯುತ್ತದೆ, ಮುಂಜಾನೆ ಎಂಟು ಒಂಬತ್ತರ, ಮತ್ತೆ ಮಧ್ಯಾಹ್ನ ಮೂರರ ಹೊತ್ತಿನ ಓರೆ ಬಿಸಿಲೇ ಕಣ್ಣಿಗೆ ಹೆಚ್ಚು ಬೀಳುತ್ತದೆ ಎಂದು ಕಂಡುಬಂತು. ನಾವು ತಂಪು ಹೊತ್ತು ಅಂತ ಹೊಲಕ್ಕೆ ಹೋಗುವ ಹೊತ್ತೇ ಅದು. ಇನ್ನೊಂದು ಕಣ್ಣಿಗೂ ಇದೇ ಕಾವಲು, ಅದರ ಅಂಚಿನಲ್ಲೂ ಹಳದಿ ಗುಳ್ಳೆ ಕಂಡೆ ನಾನು.

ಹೋಗುವಾಗ ನಿಮ್ಮವ್ವನನ್ನೂ ಕರೆದುಕೊಂಡು ಹೋಗು. ಮುಂದಿನ ತಿಂಗಳ ಮೋತಿಬಿಂದು ಶಿಬಿರಕ್ಕೆ ಹೆಸರು ಕೊಟ್ಟಿದ್ದಾಳಂತೆ, ಆದರೆ ಅವಳ ಬಲಗಣ್ಣಿನಲ್ಲಿ ಮಾಂಸವೂ ಇದೆ. ಮಾಂಸ ಕರಿಗುಡ್ಡೆಯನ್ನು ಎಳೆದಿರುವಾಗ ಮಸೂರದ ಅಳತೆ ತೆಗೆದರೆ ನಂಬರು ತಪ್ಪುತ್ತದೆ, ಆಮೇಲೆ ಒಳಗೆ ಕೂರಿಸಿದ ಮಸೂರ ಬದಲಿಸುವುದು ಸುಲಭವಲ್ಲ. ಮಾಂಸ ದೊಡ್ಡದಿದ್ದರೆ ಮೊದಲು ಅದನ್ನು ತೆಗೆಸಿ, ಕರಿಗುಡ್ಡೆ ತನ್ನ ಆಕಾರಕ್ಕೆ ಬರಲು ಒಂದೆರಡು ತಿಂಗಳಾದರೂ ಬಿಟ್ಟು, ಆಮೇಲೆ ಅಳತೆ. ಶಿಬಿರದ ಗದ್ದಲದಲ್ಲಿ ಇದನ್ನು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ, ನೀನೇ ಬಾಯಿ ಬಿಟ್ಟು ಹೇಳು. ಅವಳ ಸಕ್ಕರೆಯ ಚೀಟಿ ಮರೆಯಬೇಡ. ಬುಧವಾರ ಮುಂಜಾನೆಯ ಬಸ್ಸಿಗೆ ಬಂದರೆ ಜೇವರ್ಗಿ ಸ್ಟ್ಯಾಂಡಿನಲ್ಲಿ ನಾನೂ ಹತ್ತುತ್ತೇನೆ.